ಬೆಳಗಾವಿಯ ಪ್ಲಾಸ್ಟಿಕ್ ಹಾಳೆ

ಅರ್ಜೆಂಟೀನಾದ ಕಾರು ಮೆಕ್ಯಾನಿಕ್ ಹೋರ್ಹೆ ಓಡೋನ್ ಕಥೆಯನ್ನು ನೀವು ವಾಟ್ಸಾಪಲ್ಲಿ ಓದಿರಬಹುದು. ಬಾಟಲಿಯೊಳಗೆ ಬಿದ್ದ ಬಿರಡೆಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆಳೆಯುವ ವಿಡಿಯೋ ನೋಡಿ, ಅದೇ ಉಪಾಯದಲ್ಲಿ ಮಗುವನ್ನು ಹೊರತರುವ ಸಾಧನ ಮಾಡಿದ ಪುಣ್ಯಾತ್ಮ. ವಿಶ್ವ ಆರೋಗ್ಯ ಸಂಸ್ಥೆಯೇ ಅವನ ಬೆನ್ನಿಗೆ ನಿಂತಿತು. ಒಳ್ಳೇ ಕಥೆ, ಬೇಡ ಅನ್ನಲ್ಲ. ಆದರೆ ಗಾಂಧಿನಗರದ ಪಕ್ಕದ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಿಗುವ ಬೆಳಗಾವಿಯಲ್ಲೂ ಹೆರಿಗೆಗೆ ಸಂಬಂಧಪಟ್ಟ ಇನ್ನೊಂದು ಪ್ಲಾಸ್ಟಿಕ್ ಸಾಧನ ಪರೀಕ್ಷೆಗೆ ಇಳಿದಿತ್ತು. ಅದರ ಕಥೆ ನಮ್ಮಲ್ಲಿ ಅಷ್ಟಾಗಿ ಕೇಳಿಬರಲ್ಲ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿಯಬೇಕು. ಬಿಗಿದರೆ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಇಲ್ಲದಿದ್ದರೆ ನಲ್ಲಿ ಬಿಟ್ಟಂತೆ ರಕ್ತ ಹೋಗುತ್ತದೆ. 500 ಮಿ.ಲೀ. ಮುಟ್ಟಿದರೆ ಅಪಾಯದ ಲೆಕ್ಕ. ಜಗತ್ತಿನಲ್ಲಿ ಬಾಣಂತಿಯರ ಸಾವಿಗೆ ಅತಿ ದೊಡ್ಡ ಕಾರಣ ಈ ರಕ್ತಸ್ರಾವವೇ. ಹೆರಿಗೆ ಅಂದ್ರೆ ಹೆಣ್ಣಿಗೆ ಮರುಹುಟ್ಟು ಅಂತ ಹಳ್ಳಿಯಲ್ಲಿ ಹೇಳೋದು ಸುಮ್ಮನೆ ಅಲ್ಲ.

500 ಮಿ.ಲೀ. ಅಂದ್ರೆ ಅರ್ಧ ಲೀಟರಿನ ಒಂದು ನಂದಿನಿ ಪ್ಯಾಕೆಟ್ಟು. ಅದನ್ನು ಹಳೇ ಸೀರೆ, ಚಾಪೆ, ನೆಲದ ಮೇಲೆಲ್ಲ ಚೆಲ್ಲಿ, ಮಂದ ಬೆಳಕಿನಲ್ಲಿ ಎಷ್ಟು ಚೆಲ್ಲಿದೆ ಹೇಳಿ ನೋಡೋಣ? ಶತಮಾನಗಳಿಂದ ಸೂಲಗಿತ್ತಿಯರೂ ದಾದಿಯರೂ ಡಾಕ್ಟರುಗಳೂ ಮಾಡಿಕೊಂಡು ಬಂದದ್ದು ಇದನ್ನೇ, ಕಣ್ಣಂದಾಜು.

2002ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಶಿವಪ್ರಸಾದ ಗೌಡರ, ಕೊಡ್ಕಣಿ ಮತ್ತಿತರ ವೈದ್ಯರು, ಅಮೆರಿಕದ ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಜೊತೆ ಸೇರಿ ಒಂದು ಪ್ರಯೋಗ ಶುರು ಮಾಡಿದರು. ಗರ್ಭಕೋಶ ಬಿಗಿಸಲು ಇದ್ದ ಮದ್ದು ಆಕ್ಸಿಟೋಸಿನ್. ಅದಕ್ಕೆ ಸೂಜಿ ಬೇಕು, ತಂಪು ಬೇಕು. ಹಳ್ಳಿ ಮನೆಯ ಹೆರಿಗೆಯಲ್ಲಿ ಎರಡೂ ಕಷ್ಟ. ಹೊಟ್ಟೆ ಹುಣ್ಣಿಗೆಂದು ಬಂದಿದ್ದ ಮಿಸೊಪ್ರೊಸ್ಟಾಲ್ ಮಾತ್ರೆಗೆ ಇವೆರಡೂ ಬೇಡ. ಅದು ಕೆಲಸ ಮಾಡುತ್ತಾ? ಇದು ಪ್ರಶ್ನೆ.

ಆದರೆ ರಕ್ತವನ್ನೇ ಸರಿಯಾಗಿ ಅಳೆಯದೆ ಮಾತ್ರೆ ಗೆದ್ದಿತೋ ಸೋತಿತೋ ಹೇಳೋದು ಹೇಗೆ? ಅದಕ್ಕೇ ಒಂದು ಹಾಳೆ ಮಾಡಿದರು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವುದು, ಸೊಂಟಕ್ಕೆ ಪಟ್ಟಿ ಕಟ್ಟುವುದು. ತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಕರೆಂಟಿಲ್ಲ, ಬ್ಯಾಟರಿಯಿಲ್ಲ. ಮಾಡಿದ ಏಳು ಜನರ ಹೆಸರಿನ ಮೊದಲಕ್ಷರ ಸೇರಿಸಿ 'ಬ್ರಾಸ್-ವಿ' ಅಂತ ಹೆಸರಿಟ್ಟರು.

ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಬಾಣಂತಿಯರನ್ನು ಎರಡು ಗುಂಪು ಮಾಡಿ, ಕಣ್ಣಂದಾಜನ್ನೂ ಹಾಳೆಯನ್ನೂ ಹೋಲಿಸಿದರು. ಕಣ್ಣಂದಾಜು 33% ಕಡಿಮೆ ಬಂತು. ಅಂದ್ರೆ ಮೂರು ಲೋಟ ಹೋಗಿದ್ದರೆ ಎರಡು ಅನ್ನುತ್ತಿದ್ದೆವು.

ಹಳ್ಳಿಗಳಲ್ಲಿ ಪ್ರಯೋಗ 2005ರ ಡಿಸೆಂಬರ್ ತನಕ ನಡೆಯಿತು. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತ ಅಳೆದವರು 25 ಜನ ಎಎನ್ಎಂಗಳು, ನಮ್ಮೂರ ಕಡೆ ಸಿಸ್ಟರ್ ಅಂತೀವಲ್ಲ, ಅವರು. ಒಟ್ಟು 1,620 ತಾಯಂದಿರು. 812 ಜನಕ್ಕೆ ಔಷಧ, 808 ಜನಕ್ಕೆ ಹುಸಿಮಾತ್ರೆ. ಹುಸಿಮಾತ್ರೆ ಗುಂಪಿನಲ್ಲಿ 12% ತಾಯಂದಿರಿಗೆ ರಕ್ತಸ್ರಾವವಾದರೆ ಔಷಧದ ಗುಂಪಿನಲ್ಲಿ 6.4%. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ಈ ಉಪಯೋಗಕ್ಕಾಗಿ ಮಾತ್ರೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ 808 ಜನರಲ್ಲಿ ಸುಮಾರು 97 ತಾಯಂದಿರಿಗೆ ರಕ್ತ ಹೆಚ್ಚು ಹೋಯಿತು. ಹುಸಿಮಾತ್ರೆ ಕೊಟ್ಟದ್ದು ಸರಿಯೇ? ಹಳ್ಳಿಯ ಮಿಕ್ಕ ಹೆಂಗಸರಿಗೆ ಸಿಗುತ್ತಿದ್ದದ್ದೇ ಅವರಿಗೂ ಸಿಕ್ಕಿತು ಅನ್ನಬಹುದು. ಆ ಉತ್ತರ ಸರಿಯಾಗಿಯೇ ಇದೆ, ಆದರೆ ಕೇಳೋಕೆ ಹಿತವಾಗಿಲ್ಲ. ಯಾಕಂದ್ರೆ ಮಿಕ್ಕವರಿಗೆ ಸಿಗುತ್ತಿದ್ದದ್ದು ಏನೂ ಇಲ್ಲ.

ಮಾತ್ರೆ ಗೆದ್ದಿತು. ಹಾಳೆ ಹಿಂದೆ ಉಳಿಯಿತು. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟಿಂಗ್‌ಗೆ ಅಂತ ಬರೆದ ಟೂಲೇ ಒಳ್ಳೇ ಪ್ರಾಡಕ್ಟ್ ಆಗಿತ್ತು, ಆದರೆ ರಿಲೀಸ್ ಆಗಿದ್ದು ಇನ್ನೊಂದು. ಅಳತೆಯ ಹಾಳೆ ಮತ್ತೆ ದೊಡ್ಡ ಸುದ್ದಿಯಾದದ್ದು 2023ರಲ್ಲಿ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ 'ಇ-ಮೋಟಿವ್' ಪ್ರಯೋಗ ನಡೆಯಿತು. ಅರ್ಧ ಆಸ್ಪತ್ರೆಗಳಿಗೆ ಗೆರೆ ಇರುವ ಹಾಳೆ, ಜೊತೆಗೆ ರಕ್ತಸ್ರಾವ ಗೊತ್ತಾದ ತಕ್ಷಣ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೇ ಕೊಡುವ ತರಬೇತಿ. ಉಳಿದ ಅರ್ಧಕ್ಕೆ ಎಂದಿನ ಚಿಕಿತ್ಸೆ, ಗೆರೆಯಿಲ್ಲದ ಹಾಳೆ. ಮೊದಲನೆಯ ಕಡೆ ರಕ್ತಸ್ರಾವದ 93% ಪ್ರಕರಣಗಳು ಸಿಬ್ಬಂದಿಯ ಗಮನಕ್ಕೆ ಬಂದವು, ಇನ್ನೊಂದು ಕಡೆ 51%. ತೀವ್ರ ತೊಂದರೆಗೆ ಸಿಕ್ಕವರು 4.3% ಇದ್ದಲ್ಲಿ 1.6%ಕ್ಕೆ ಇಳಿದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ರಕ್ತವನ್ನು ಅಳೆದೇ ನೋಡಿ ಅಂತ ಶಿಫಾರಸು ಮಾಡಿತು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ಲೆಕ್ಕ ಪ್ರಕಟವಾಗಿ ಆಗಲೇ 17 ವರ್ಷ.

ಹಾಳೆ ರಕ್ತ ನಿಲ್ಲಿಸಲ್ಲ. ನಿಲ್ಲಿಸಬೇಕಾದವರಿಗೆ ಹೊತ್ತಿಗೆ ಸರಿಯಾಗಿ ಹೇಳುತ್ತೆ, ಅಷ್ಟೆ. ನಾವು ಮನೆಯವರನ್ನು ಹೆರಿಗೆಗೆ ಸೇರಿಸುವಾಗ ಸ್ಪೆಷಲ್ ವಾರ್ಡ್ ಇದೆಯಾ, ಇನ್ಶೂರೆನ್ಸ್ ಆಗುತ್ತಾ ಅಂತೆಲ್ಲ ಕೇಳ್ತೀವಿ. ಹೆರಿಗೆಯಾದ ಮೇಲೆ ರಕ್ತ ಹೇಗೆ ಅಳೀತೀರಿ ಅಂತಲೂ ಕೇಳಿ. ಬೆಳಗಾವಿ ಸುತ್ತಲಿನ ಹಳ್ಳಿಗಳ 1,620 ತಾಯಂದಿರು ಆ ಪ್ರಶ್ನೆಗೆ ಉತ್ತರ ಕೊಟ್ಟು ಬಹಳ ದಿನವಾಯಿತು.