ಚಳಿಗಾಲದ ಬಿಸಿಲಿಗೆ ಪೇಟೆಂಟ್ ತಗೊಂಡವರು

(1/3)
ನಿಮ್ಮ ಮನೇಲಿ ಯಾರಿಗಾದ್ರೂ ಡಾಕ್ಟರು ವಿಟಮಿನ್ ಡಿ ಪುಡಿಯ ಸ್ಯಾಶೆ ಬರ್ಕೊಟ್ಟಿದ್ದಾರಾ? ವಾರಕ್ಕೊಂದು, ಹಾಲಲ್ಲಿ ಕಲಸಿ ಕುಡಿಯೋದು, ಮೇಲೆ 60,000 ಐಯು ಅಂತ ಪ್ರಿಂಟ್ ಆಗಿರುತ್ತೆ. ಅದರ ಮೂಲ ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡು. ಆ ಜಿಡ್ಡಿನಿಂದ ತೆಗೆದ ಪದಾರ್ಥದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ವಿಟಮಿನ್ ಡಿ ಮಾಡ್ತಾರೆ. ಅಂದ್ರೆ ಬಿಸಿಲು ಮಾಡೋ ಕೆಲಸವನ್ನ ದೀಪದ ಕೈಲಿ ಮಾಡಿಸಿ ಪೊಟ್ಟಣ ಕಟ್ಟಿದ್ದು. ಬೆಳಕು ಬಿಟ್ಟು ವಿಟಮಿನ್ ಡಿ ಮಾಡುವ ಈ ಉಪಾಯ ಒಂದು ಕಾಲದಲ್ಲಿ ಅಮೆರಿಕದಲ್ಲಿ ಒಂದೇ ಸಂಸ್ಥೆಯ ಆಸ್ತಿಯಾಗಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಅವರೇ ತೀರ್ಮಾನ ಮಾಡ್ತಿದ್ರು.

ಮೊದಲು ಚಳಿಗಾಲದ ವಿಷಯ. ನಮಗೆ ಚಳಿಗಾಲ ಅಂದ್ರೆ ಬೆಳಗ್ಗೆ ಸ್ವೆಟರ್ ಹಾಕಿ ಹತ್ತು ಗಂಟೆಗೆ ಬಿಚ್ಚಿಡೋದು. ಡಿಸೆಂಬರಿನಲ್ಲೂ ಬೆಂಗಳೂರಲ್ಲಿ ನಡುಮಧ್ಯಾಹ್ನದ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರ್ತಾನೆ. ಉತ್ತರದ ದೇಶಗಳಲ್ಲಿ ಹಾಗಲ್ಲ. ಸೂರ್ಯ ತಗ್ಗಿನಲ್ಲೇ ಓಡಾಡ್ತಾನೆ, ಕಿರಣ ಓರೆಯಾಗಿ ಬರುತ್ತೆ, ಓಝೋನ್ ಪದರದಲ್ಲಿ ದೂರ ಸಾಗೋವಷ್ಟರಲ್ಲಿ ನಮ್ಮ ಚರ್ಮಕ್ಕೆ ಬೇಕಾದ ಭಾಗವೇ ಸೋರಿಹೋಗುತ್ತೆ. ಬಾಸ್ಟನ್‌ನಲ್ಲಿ ಚರ್ಮದ ಮಾದರಿಗಳನ್ನ ಹೊರಗೆ ಬಿಸಿಲಿಗಿಟ್ಟು ನೋಡಿದ್ರು (1988ರಲ್ಲಿ ಪ್ರಕಟವಾಯ್ತು). ನವೆಂಬರಿಂದ ಫೆಬ್ರವರಿವರೆಗೆ ವಿಟಮಿನ್ ಡಿ ತಯಾರಾಗಲೇ ಇಲ್ಲ. ಆಕಾಶ ತಿಳಿಯಾಗಿದ್ರೂ ಅಷ್ಟೇ. ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿಕೊಂಡ್ರಂತೂ ಯಾವ ಊರಲ್ಲೂ ಲಾಭವಿಲ್ಲ, ಗಾಜು ಆ ಕಿರಣವನ್ನ ತಡೆದುಬಿಡುತ್ತೆ.

ಹಂಗಾಗಿ ಯುರೋಪಿನ ಹೊಗೆ ತುಂಬಿದ ಊರುಗಳಲ್ಲಿ ಮಕ್ಕಳಿಗೆ ರಿಕೆಟ್ಸ್. ಮೂಳೆ ಗಟ್ಟಿಯಾಗದೆ ಕಾಲು ಬಿಲ್ಲಿನಂತೆ ಬಾಗೋದು. ಇದು ಊಟದ ಕೊರತೆಯಾ, ಬಿಸಿಲಿನ ಕೊರತೆಯಾ ಅಂತ ವೈದ್ಯರಲ್ಲೇ ಜಗಳ. 1919ರಲ್ಲಿ ಬರ್ಲಿನ್‌ನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಪಾದರಸದ ಕ್ವಾರ್ಟ್ಜ್ ಲ್ಯಾಂಪಿನ ಬೆಳಕಲ್ಲಿ ಮಕ್ಕಳನ್ನ ಗುಣ ಮಾಡಿ ತೋರಿಸಿದ. ಒಂದು ಕೈಗೆ ಮಾತ್ರ ಬೆಳಕು ಬಿಟ್ರೂ ಎರಡೂ ಕೈ ಮೂಳೆ ಸರಿಹೋಯ್ತು! ಅಂದ್ರೆ ಚರ್ಮದಲ್ಲಿ ಏನೋ ಹುಟ್ಟಿ ಮೈಯೆಲ್ಲಾ ಹರಡ್ತಿದೆ. ಅದೇ ಹೊತ್ತಿಗೆ, ಮೊದಲ ಮಹಾಯುದ್ಧ ಮುಗಿದು ಹಸಿವಲ್ಲಿ ಬೇಯುತ್ತಿದ್ದ ವಿಯೆನ್ನಾಕ್ಕೆ ಲಂಡನ್ನಿಂದ ಹ್ಯಾರಿಯೆಟ್ ಚಿಕ್ ಮತ್ತು ಜೊತೆಯ ಮಹಿಳಾ ವಿಜ್ಞಾನಿಗಳು ಬಂದ್ರು. ಮಕ್ಕಳ ಆಸ್ಪತ್ರೆಯಲ್ಲಿ ಎರಡು ಥರದ ಆಹಾರ ಕೊಟ್ಟು ನೋಡಿದಾಗ, ಚಳಿಗಾಲದಲ್ಲಿ ಕಾಡ್ ಮೀನಿನ ಎಣ್ಣೆ ಕುಡಿದ ಕೂಸುಗಳು ಉಳಿದುಕೊಂಡವು, ಕುಡಿಯದವುಗಳಲ್ಲಿ ಹಲವಕ್ಕೆ ರಿಕೆಟ್ಸ್ ಬಂತು. ಬೇಸಿಗೆಯಲ್ಲಿ ಮಾತ್ರ ಯಾವ ಆಹಾರ ಕೊಟ್ರೂ ಹೊಸದಾಗಿ ರಿಕೆಟ್ಸ್ ಇಲ್ಲ. ಜಗಳ ಆಡ್ತಿದ್ದ ಎರಡು ಕಡೆಯವರೂ ಸರಿ ಅಂತಾಯ್ತು.

(2/3)
ಈಗ ಅಮೆರಿಕದ ವಿಸ್ಕಾನ್ಸಿನ್‌ಗೆ ಬನ್ನಿ. ಹಾಲು, ಬೆಣ್ಣೆ, ಚೀಸಿನ ರಾಜ್ಯ. ಅಲ್ಲಿನ ವಿಶ್ವವಿದ್ಯಾಲಯ ಇರೋದು ಮ್ಯಾಡಿಸನ್‌ನಲ್ಲಿ, 43 ಡಿಗ್ರಿ ಉತ್ತರಕ್ಕೆ. (ನಿಮ್ಮ ಅಕ್ಕ ಭಾವ ಟೊರೊಂಟೊದಲ್ಲಿದ್ರೆ ಅವರದ್ದೂ ಹೆಚ್ಚುಕಮ್ಮಿ ಅದೇ ಅಕ್ಷಾಂಶ, ಅದೇ ಚಳಿಗಾಲ. ನಮ್ಮ ಕಪ್ಪು ಚರ್ಮಕ್ಕೆ ಬಿಸಿಲು ಇನ್ನೂ ಹೆಚ್ಚು ಹೊತ್ತು ಬೇಕು.) ಅಲ್ಲಿ ಹ್ಯಾರಿ ಸ್ಟೀನ್‌ಬಾಕ್ ಅಂತ ಒಬ್ಬ ರೈತರ ಮನೆ ಪ್ರೊಫೆಸರ್. 1923ರ ಸುಮಾರಿಗೆ ಇಲಿಗಳ ಮೇಲೆ ಲ್ಯಾಂಪ್ ಬಿಟ್ಟು ನೋಡ್ತಿದ್ದವನು, ಇಲಿಗೆ ಬಿಡದೆ ಬರೀ ಇಲಿ ತಿನ್ನೋ ಆಹಾರಕ್ಕೆ ಬೆಳಕು ಬಿಟ್ಟ. ಇಲಿ ಆವಾಗಲೂ ಗುಣವಾಯ್ತು. ಬಿಸಿಲನ್ನ ತಟ್ಟೆಯಲ್ಲಿ ಬಡಿಸಬಹುದು ಅಂತ ಗೊತ್ತಾಗಿದ್ದು ಹಾಗೆ. ನ್ಯೂಯಾರ್ಕಿನ ಆಲ್‌ಫ್ರೆಡ್ ಹೆಸ್ ಕೂಡ ಅದೇ ಸಮಯಕ್ಕೆ ತನ್ನಷ್ಟಕ್ಕೆ ಇದನ್ನೇ ಕಂಡುಕೊಂಡಿದ್ದ. ಆದ್ರೆ ಪೇಟೆಂಟ್ ಆಫೀಸಿಗೆ ಹೋಗಿದ್ದು ಸ್ಟೀನ್‌ಬಾಕ್, ಸ್ವಂತ ಜೇಬಿನಿಂದ 300 ಡಾಲರ್ ಖರ್ಚು ಮಾಡಿ.

ಬಿಕಾಂನಲ್ಲಿ ಪೇಟೆಂಟ್ ಅಂದ್ರೆ ನಮಗೆ ಎರಡು ಸಾಲಿನ ವ್ಯಾಖ್ಯೆ, ಬರೆದು ಮುಂದೆ ಹೋಗ್ತೀವಿ. ಆದ್ರೆ ಇಲ್ಲಿ ನಡೆದದ್ದು ಸ್ವಲ್ಪ ನಿಧಾನವಾಗಿ ಓದಿ. ಕ್ವೇಕರ್ ಓಟ್ಸ್ ಕಂಪನಿ ಹತ್ತು ಲಕ್ಷ ಡಾಲರ್ ಹತ್ತಿರ ಕೊಡ್ತೀವಿ, ಹಕ್ಕು ನಮಗೇ ಕೊಡಿ ಅಂತು. ಆತ ಒಪ್ಪಲಿಲ್ಲ. ಬದಲಿಗೆ 1925ರಲ್ಲಿ ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಶನ್ ಹುಟ್ಟಿತು, ಚಿಕ್ಕದಾಗಿ ವಾರ್ಫ್. ಪೇಟೆಂಟ್ ಅದರ ಕೈಗೆ ಹೋಯ್ತು. ಲೈಸೆನ್ಸ್ ದುಡ್ಡಿನಲ್ಲಿ ವಿಶ್ವವಿದ್ಯಾಲಯದ ಸಂಶೋಧನೆ. ಹೃದಯದ ಕಾಯಿಲೆಯವರು ರಕ್ತ ಹೆಪ್ಪುಗಟ್ಟದಿರಲಿ ಅಂತ ನುಂಗೋ ವಾರ್ಫರಿನ್ ಮಾತ್ರೆ ಇದೆಯಲ್ಲ, ಅದರ ಹೆಸರಿನ ಮೊದಲರ್ಧ ಇದೇ ವಾರ್ಫ್! ಕ್ವೇಕರ್‌ಗೆ ಧಾನ್ಯದ ಲೈಸೆನ್ಸ್ ಸಿಕ್ಕಿತು, ಔಷಧ ಕಂಪನಿಗಳಿಗೆ ಹನಿ ಔಷಧದ ಲೈಸೆನ್ಸ್, ಡೈರಿಗಳಿಗೆ ಹಾಲಿನದ್ದು. 1940ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ರಿಕೆಟ್ಸ್ ಅಪರೂಪವಾಯ್ತು. ಇಷ್ಟಕ್ಕೇ ನಿಲ್ಲಿಸಿದ್ರೆ ಒಳ್ಳೆ ಕಥೆ.

(3/3)
ಲೈಸೆನ್ಸ್ ಸಿಗದ ಒಂದು ಆಹಾರ ಇತ್ತು. ಮಾರ್ಗರಿನ್. ಬೆಣ್ಣೆ ಕೊಳ್ಳಲಾಗದವರು ಬ್ರೆಡ್ಡಿಗೆ ಸವರಿಕೊಳ್ತಿದ್ದದ್ದು, ಬೆಣ್ಣೆಯ ಬಡ ತಮ್ಮ ಅನ್ನಿ. ವಿಸ್ಕಾನ್ಸಿನ್ ಡೈರಿ ರೈತರಿಗೆ ಅದನ್ನ ಕಂಡ್ರೆ ಆಗ್ತಿರಲಿಲ್ಲ. ಬೆಣ್ಣೆಯಂತೆ ಹಳದಿ ಬಣ್ಣ ಹಾಕಿದ ಮಾರ್ಗರಿನ್ ಮಾರೋದನ್ನೇ ಆ ರಾಜ್ಯ 1895ರಲ್ಲಿ ನಿಷೇಧಿಸಿತ್ತು. ಮಾರ್ಗರಿನ್‌ಗೆ ವಿಟಮಿನ್ ಡಿ ಸೇರಿಬಿಟ್ರೆ ಬೆಣ್ಣೆಯ ಗತಿ ಏನು? ಸ್ಟೀನ್‌ಬಾಕ್ ಪೇಟೆಂಟ್ ಮಾಡಿಸಿದ್ದಕ್ಕೆ ನಕಲಿ ಔಷಧದವರ ಭಯ ಒಂದು ಕಾರಣ, ಈ ಭಯ ಇನ್ನೊಂದು. ಅವನೇ ಮುಚ್ಚಿಟ್ಟಿರಲಿಲ್ಲ.

ಆತನನ್ನ ದುಡ್ಡಿನಾಸೆಯವನು ಅನ್ನೋಕೆ ನನಗೆ ಮನಸ್ಸಿಲ್ಲ, ದುಡ್ಡಿನ ಬಹುಪಾಲು ಸಂಶೋಧನೆಗೇ ಹೋಯ್ತು. ತನ್ನ ಊರಿನ ರೈತರನ್ನ ಉಳಿಸೋಕೆ ನೋಡಿದ, ಅದೂ ಸುಳ್ಳಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ. ಚಳಿಗಾಲದಲ್ಲಿ ಕತ್ತಲೆ ಗಲ್ಲಿಯ ಮನೇಲಿದ್ದು ರಿಕೆಟ್ಸ್ ಬರೋ ಸಾಧ್ಯತೆ ಯಾರ ಮಕ್ಕಳಿಗೆ ಜಾಸ್ತಿ? ಮಾರ್ಗರಿನ್ ತಿನ್ನೋ ಮನೆಯವರಿಗೇ. ಡೈರಿಯ ಲಾಭ ಉಳಿಸಿದ ಖರ್ಚು ಆ ಮನೆಗಳ ಖಾತೆಗೆ ಬಿತ್ತು.

ಕೊನೆಗೆ ಕ್ಯಾಲಿಫೋರ್ನಿಯಾದ ವಿಟಮಿನ್ ಟೆಕ್ನಾಲಜಿಸ್ಟ್ಸ್ ಅನ್ನೋ ಕಂಪನಿ ಮೇಲೆ ವಾರ್ಫ್ ಕೇಸ್ ಹಾಕಿ ತಾನೇ ಸಿಕ್ಕಿಬಿತ್ತು. ಮೇಲ್ಮನವಿ ಕೋರ್ಟು ಪೇಟೆಂಟೇ ಊರ್ಜಿತವಲ್ಲ ಅಂದಿತು. ಕಾರಣ ಕೇಳಿದ್ರೆ ನಮ್ಮಜ್ಜಿಯಂದಿರೂ ತಲೆ ಆಡಿಸ್ತಾರೆ: ರೈತರು ಮೇವಿನ ಹುಲ್ಲನ್ನ ಮೊದಲಿಂದಲೂ ಬಿಸಿಲಿಗೆ ಹರಡಿ ಒಣಗಿಸ್ತಿದ್ರು, ಅಲ್ಲೂ ಇದೇ ಕ್ರಿಯೆ ನಡೀತಿತ್ತು. ಮಹಡಿ ಮೇಲೆ ಹಪ್ಪಳ ಒಣಗಿಸೋದಕ್ಕೆ ಯಾರಾದ್ರೂ ಪೇಟೆಂಟ್ ಕೇಳಿದ ಹಾಗೆ. ಬಡವರ ಬೆಣ್ಣೆಗೆ ಲೈಸೆನ್ಸ್ ನಿರಾಕರಿಸಿದ್ದನ್ನೂ ಕೋರ್ಟು ಎತ್ತಿ ಆಡಿತು. 1945ರಲ್ಲಿ ಸುಪ್ರೀಂ ಕೋರ್ಟು ಕೇಸನ್ನ ಕೈಗೆತ್ತಿಕೊಳ್ಳಲಿಲ್ಲ, 1946ರಲ್ಲಿ ವಾರ್ಫ್ ಆ ಪೇಟೆಂಟ್‌ಗಳನ್ನ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು.

ಇವತ್ತು ನಮ್ಮಲ್ಲಿ ಎ ಮತ್ತು ಡಿ ಸೇರಿಸಿದ ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಅನ್ನೋ ನೀಲಿ ಗುರುತು ಇರುತ್ತೆ. ಅಡುಗೆಮನೇಲಿ ಒಮ್ಮೆ ತಿರುಗಿಸಿ ನೋಡಿ. ಎಣ್ಣೆಗೆ ಇದನ್ನ ಸೇರಿಸೋಕೆ ಯಾರೂ ಡೈರಿಯವರ ಅಪ್ಪಣೆ ಕೇಳಬೇಕಿಲ್ಲ.

ಹಳದಿ ಮಾರ್ಗರಿನ್ ಮೇಲಿನ ನಿಷೇಧವನ್ನ ವಿಸ್ಕಾನ್ಸಿನ್ ತೆಗೆದದ್ದು 1967ರಲ್ಲಿ. ಸ್ಟೀನ್‌ಬಾಕ್ ತೀರಿಕೊಂಡದ್ದೂ ಅದೇ ವರ್ಷ, ಡಿಸೆಂಬರಿನಲ್ಲಿ.

#ಇತಿಹಾಸ #ವಿಟಮಿನ್‌ಡಿ #ಕನ್ನಡದಲ್ಲಿಓದಿ