ಪೂರ್ವಸೀಮೆಯ ಮಕ್ಕಳ ಉಭಯಭಾಷೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿ ಮನೆಮಾತು ತೆಲುಗು. ಪಾಠಶಾಲೆಯ ಭಾಷೆ ಕನ್ನಡ. ಈ ಉಭಯಭಾಷೆಯು ಪೂರ್ವದಲ್ಲಿ ನ್ಯೂನತೆಯೆನಿಸಿರಲಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯೋಗಿಗಳು ಎರಡರಲ್ಲಿಯೂ ಪದಗಳನ್ನು ರಚಿಸಿದುದೇ ಇದಕ್ಕೆ ಪ್ರಮಾಣ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಸೌಕರ್ಯವನ್ನು ಒದಗಿಸಲು ರಾಜ್ಯಗಳು ಪ್ರಯತ್ನಿಸತಕ್ಕುದೆಂದು ವಿಧಿಸಿತು. ಆದರೆ ಭಾರವು ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಓದುಬಲ್ಲವರ ಮನೆಯಲ್ಲಿ ತಂದೆಯು ಕನ್ನಡಪಾಠಕ್ಕೆ ತೆಲುಗಿನಲ್ಲಿ ಅರ್ಥ ಹೇಳುವನು. ಕೂಲಿಕಾರನ ಮಗುವಿಗೆ ಉಪಾಧ್ಯಾಯರ ಹೊರತು ಗತಿಯಿಲ್ಲ. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯಕ್ಕೆ ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡೇ ಕಲಿತವರು. ಅದಕ್ಕೆ ವ್ಯಾಖ್ಯಾನವೆಂಬ ಗೌರವವಿತ್ತು. ಹಾಗೆಯೇ ತೆಲುಗಿನಲ್ಲಿ ಅರ್ಥ ಕೇಳಿದ ಮಗುವನ್ನು ಮಂದಬುದ್ಧಿಯೆಂದು ಹಿಂದಿನ ಸಾಲಿಗೆ ಕಳುಹಿಸಿದುದನ್ನು ನಾನು ಕಂಡಿದ್ದೇನೆ.