ಸೂಳೆಕೆರೆಗಳ ಹೆಸರು: ಶಾಸನ, ಐತಿಹ್ಯ, ಬಳಕೆ

ಚನ್ನಗಿರಿ ತಾಲ್ಲೂಕಿನ ಹಿರಿಯ ಕೆರೆಗೆ ಎರಡು ಹೆಸರು. ಕಡತಗಳಲ್ಲಿ, ಕುಡಿಯುವ ನೀರಿನ ಯೋಜನೆಗಳಲ್ಲಿ ಅದು ಶಾಂತಿಸಾಗರ. ಸುತ್ತಲ ಊರುಗಳ ಬಾಯಲ್ಲಿ ಸೂಳೆಕೆರೆ. ಈ ಹೆಸರು ಅದೊಂದಕ್ಕೇ ಸೇರಿದ್ದಲ್ಲ. ಮದ್ದೂರು-ಮಳವಳ್ಳಿ ಸೀಮೆಯಲ್ಲಿ ಇನ್ನೊಂದು ಸೂಳೆಕೆರೆಯಿದೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಮೇವಿಗೆ ಹೋಗುವ ಕೆರೆಗಳಲ್ಲಿ ಅದೂ ಒಂದು. ಇಂಗ್ಲಿಷ್ ಬರಹಗಳಲ್ಲಿ ಅದು ‘ಸೋಲೆ ಕೆರೆ’ ಆಗಿರುವುದುಂಟು. ಕೆಂಗೇರಿಯ ಆಚೆಗೆ ಸೂಲಿಕೆರೆ ಎಂಬ ಊರಿದೆ. ಬೆಳಗಾವಿ ತಾಲ್ಲೂಕಿನಲ್ಲೂ ಹುನಗುಂದ ತಾಲ್ಲೂಕಿನಲ್ಲೂ ಸೂಳೇಭಾವಿಗಳಿವೆ. ಇವೆಲ್ಲ ಒಂದೇ ಬಳ್ಳಿಯ ಕಾಯಿಗಳೆಂದೂ, ಇವುಗಳ ಸರಿಯಾದ ಹೆಸರು ಸೂಳೆಕೆರೆಯೇ ಹೊರತು ನಾಚಿಕೆಯಿಂದ ತಿದ್ದಿಕೊಂಡ ರೂಪಗಳಲ್ಲವೆಂದೂ ನನ್ನ ವಾದ.

ಶಾಂತಿಸಾಗರದ ಪಕ್ಷದವರು ಮುಖ್ಯವಾಗಿ ನೆಚ್ಚುವುದು ಐತಿಹ್ಯವನ್ನು. ಸ್ವರ್ಗಾವತಿಯ ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಳು; ಕೆರೆಗೆ ಬೇಕಾದ ಜಾಗ ಸೂಳೆಯರದಾಗಿತ್ತು; ತಮ್ಮ ಹೆಸರನ್ನೇ ಕೆರೆಗಿಡಬೇಕೆಂಬ ಕರಾರಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರು. ಕಟ್ಟಿಸಿದವಳು ಶಾಂತವ್ವನಾದ್ದರಿಂದ ಶಾಂತಿಸಾಗರವೇ ನ್ಯಾಯವಾದ ಹೆಸರು ಎನ್ನುತ್ತಾರೆ. ಆದರೆ ಈ ಕಥೆಯನ್ನು ಕೊನೆಯವರೆಗೆ ಓದಿದರೆ ಅದು ಸಾಧಿಸುವುದು ಇದಕ್ಕೆ ತದ್ವಿರುದ್ಧವಾದುದನ್ನು. ಜಾಗಕ್ಕೆ ತೆತ್ತ ಬೆಲೆಯೇ ಹೆಸರು. ಮಾತಿಗೆ ತಪ್ಪಬಾರದೆಂದೇ ಶಾಂತವ್ವ ತನ್ನ ಹೆಸರನ್ನು ಬಿಟ್ಟುಕೊಟ್ಟಿದ್ದಾಳೆ. ಅವಳ ಹೆಸರಿನಲ್ಲಿ ಆ ಮಾತನ್ನು ಮುರಿಯುತ್ತಿರುವವರು ನಾವು. ಐತಿಹ್ಯ ಇತಿಹಾಸವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ. ಸ್ವರ್ಗಾವತಿಯ ಅರಸನನ್ನು ನಂಬಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಸ್ಥಳನಾಮದ ಕಥೆಗಳು ಹುಟ್ಟುವುದೇ ಇರುವ ಹೆಸರಿಗೆ ಕಾರಣ ಹೇಳಲಿಕ್ಕೆ. ಈ ಕಥೆ ಬಿಡಿಸಲು ಹೊರಟ ಒಗಟು ‘ಇಷ್ಟು ದೊಡ್ಡ ಕೆರೆಗೆ ಸೂಳೆಕೆರೆ ಎಂಬ ಹೆಸರೇಕೆ’ ಎಂಬುದು. ಅಂದಮೇಲೆ ಕಥೆ ಹೆಣೆಯುವಷ್ಟರಲ್ಲೇ ಆ ಹೆಸರು ಜನರಲ್ಲಿ ಬೇರೂರಿತ್ತು.

ಎರಡನೆಯ ಆಕ್ಷೇಪ ಪದದ ಮೇಲಿನದು: ಅದು ಬೈಗುಳ, ಕೆರೆಗೆ ಒಪ್ಪದು. ಇಲ್ಲಿ ಕಾಲ ನೋಡಬೇಕು. ಬಾದಾಮಿಯ ಬಳಿಯ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ, ಅಂದರೆ 8ನೇ ಶತಮಾನದ ಮೊದಲ ಭಾಗದ, ಒಂದು ಕನ್ನಡ ಶಾಸನವಿದೆ. ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿ ಹಿರಣ್ಯಗರ್ಭ ದಾನ ಮಾಡಿದ್ದನ್ನೂ, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ ಬೆಳ್ಳಿಯ ಕೊಡೆ ಏರಿಸಿದ್ದನ್ನೂ, ಭೂಮಿ ಬಿಟ್ಟದ್ದನ್ನೂ ಅದು ಹೇಳುತ್ತದೆ. ಅವಳನ್ನು ಕರೆಯುವ ಪದ ‘ಸೂಳೆಯರ್’. ಈ ಪದದ ಕೊನೆಯ ‘ಅರ್’ ಪ್ರತ್ಯಯವನ್ನು ಗಮನಿಸಬೇಕು: ಒಬ್ಬಳೇ ಹೆಂಗಸಿಗೆ ಗೌರವದ ಬಹುವಚನ. ಅವಳ ಹೆಸರಿಗೂ ‘ಗಳ್’ ಸೇರಿ ವಿನಾಪೋಟಿಗಳ್ ಆಗಿದೆ. ತಾಯಿಗೂ ಅಜ್ಜಿಗೂ ಇದೇ ಮರ್ಯಾದೆ. ಕಲ್ಲಿನ ಮೇಲೆ, ದೇವಸ್ಥಾನದಲ್ಲಿ, ಮೂರು ತಲೆಮಾರಿನ ಹೆಂಗಸರ ವಂಶಾವಳಿಯೊಡನೆ ಕೊರೆಸಿದ ಪದ ಬೈಗುಳವಾಗಿರಲಾರದು. 12ನೇ ಶತಮಾನದ ವಚನಕಾರ್ತಿಯರಲ್ಲಿ ಒಬ್ಬಳು ಸೂಳೆ ಸಂಕವ್ವೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎನ್ನುವಾಗ ಕಸುಬು ಹೆಸರಿನ ಹಿಂದೆ ನಿಂತಂತೆ ಇವಳಲ್ಲೂ ನಿಂತಿದೆ. ಸಂಕವ್ವೆಯ ಹೆಸರನ್ನು ತಿದ್ದಲು ಯಾವ ಸಂಪಾದಕರೂ ಮುಂದಾಗಿಲ್ಲ. ಹಾಗಿರುವಾಗ ಕೆರೆಯ ಹೆಸರಿಗೇಕೆ ಈ ತಿದ್ದುಪಡಿ? ಹಂಪಿಯ ಅಚ್ಯುತರಾಯ ಗುಡಿಯ ಮುಂದಿನ ಬೀದಿ ಸೂಳೆ ಬಜಾರ್ ಆಗಿಯೇ ಉಳಿದಿದೆ. ಹಾಗೆಂದು ಪ್ರತಿ ಸೂಳೆಕೆರೆಯನ್ನೂ ಒಬ್ಬ ಸೂಳೆಯೇ ಕಟ್ಟಿಸಿದಳೆಂದು ನಾನು ಹೇಳುವುದಿಲ್ಲ. ಅವರ ಉಂಬಳಿ ಭೂಮಿಯಿಂದಲೋ, ಕೇರಿಯಿಂದಲೋ ಹೆಸರು ಬಂದಿರಬಹುದು. ಹೇಗೆ ಬಂದಿದ್ದರೂ ಅದು ಅವರ ಗುರುತೇ.

ಇನ್ನು ಕೆಲವರು ‘ಸುಳಿ’ಯಿಂದ, ನೀರಿನ ಸುಳಿಯಿಂದ, ಹೆಸರು ಬಂದಿತೆಂದು ಹೇಳಿ ಮುಜುಗರದಿಂದ ಪಾರಾಗಲು ನೋಡುತ್ತಾರೆ. ಸುಳಿಯ ‘ಸು’ ಹ್ರಸ್ವ, ಸೂಳೆಯ ‘ಸೂ’ ದೀರ್ಘ. ಕನ್ನಡದ ಕಿವಿ ಈ ಎರಡನ್ನು ಬೆರೆಸುವುದಿಲ್ಲ, ಅದೂ ದೂರದೂರದ ಇಷ್ಟೊಂದು ಊರುಗಳಲ್ಲಿ ಒಂದೇ ಬಗೆಯಾಗಿ. ‘ಸೂಲಿ’, ‘ಸೋಲೆ’ ಎಂಬ ರೂಪಗಳಿಗೆ ರೋಮನ್ ಲಿಪಿಯೇ ಬಹುಮಟ್ಟಿಗೆ ಕಾರಣವೆಂಬುದು ನನ್ನ ಎಣಿಕೆ: ಆ ಲಿಪಿಯಲ್ಲಿ ಳಕಾರವಿಲ್ಲ, ದೀರ್ಘ ತೋರಿಸುವ ಪರಿಪಾಠವಿಲ್ಲ. ಅಲ್ಲಿಗೆ ಹೋದ ಹೆಸರು ಮರಳಿ ಕನ್ನಡಕ್ಕೆ ಬರುವಾಗ ಳ ಕಳೆದುಕೊಂಡಿದೆ. ಸಂಕೋಚವೂ ಅದಕ್ಕೆ ನೆರವಾಗಿರಬೇಕು. ‘ಸೂಳ್’ ಎಂದರೆ ಹಳಗನ್ನಡದಲ್ಲಿ ಸರದಿ. ಗುಡಿಯಲ್ಲಿ ಸರದಿಯ ಸೇವೆ ಮಾಡುವವಳು ಸೂಳೆ ಎಂಬ ಊಹೆ ಆಕರ್ಷಕವಾದರೂ ನನ್ನ ವಾದ ಅದರ ಮೇಲೆ ನಿಂತಿಲ್ಲ.

‘ಸಾಗರ’ ಎಂಬ ಉತ್ತರಪದವೂ ವಿಚಾರಕ್ಕೆ ಅರ್ಹ. ನಮ್ಮಲ್ಲಿ ಸಾಗರ, ಸಮುದ್ರಗಳು ಕಟ್ಟಿಸಿದವರು ಇಡುವ ಹೆಸರುಗಳು. ಜನ ಕರೆಯುವುದು ಬೇರೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಹಿರಿಯೂರಿನ ಕಡೆಯವರಿಗೆ ಮಾರಿಕಣಿವೆ, ಕೃಷ್ಣರಾಜಸಾಗರ ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆ. ಆದರೆ ಅಲ್ಲಿ ಎರಡೂ ಹೆಸರು ಒಂದಕ್ಕೊಂದು ಅಡ್ಡಬರದೆ ಬಾಳುತ್ತಿವೆ. ಚನ್ನಗಿರಿಯಲ್ಲಿ ಒಂದು ಹೆಸರನ್ನು ಮುಚ್ಚಲೆಂದೇ ಇನ್ನೊಂದನ್ನು ಹೊದಿಸಲಾಗುತ್ತಿದೆ. ಊರಿನ ಹೆಣ್ಣುಮಗಳೊಬ್ಬಳು ತನ್ನ ವಿಳಾಸ ಬರೆಯಲು ಹಿಂಜರಿಯುವ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದ್ದು ನ್ಯಾಯವೇ. ಆ ಬದುಕಿನ ಕ್ರೌರ್ಯವನ್ನು ಶಾಸನದ ಬಹುವಚನ ತೊಳೆಯಲಾರದು. ಆದರೆ ಪದ್ಧತಿಯನ್ನು ತೊಡೆಯುವುದು ಬೇರೆ, ಅದರೊಳಗೆ ಬಾಳಿದ ಹೆಂಗಸರು ನಾಡಿಗೆ ಬಿಟ್ಟುಹೋದ ಕುರುಹನ್ನು ತೊಡೆಯುವುದು ಬೇರೆ. ಅರಸರ, ದಂಡನಾಯಕರ ಹೆಸರಿನ ಕೆರೆಗಳು ನೂರಾರಿವೆ. ಈ ಹೆಂಗಸರ ಪಾಲಿಗೆ ಉಳಿದಿರುವುದು ಬೆರಳೆಣಿಕೆಯಷ್ಟು. ಆದ್ದರಿಂದ ಕಂದಾಯದ ದಾಖಲೆಯಲ್ಲೂ ಏರಿಯ ಮೇಲಿನ ಫಲಕದಲ್ಲೂ ದೀರ್ಘ ‘ಸೂ’, ಳಕಾರದೊಡನೆ ‘ಸೂಳೆಕೆರೆ’ ಎಂದು ಮೊದಲು ಬರೆಯಬೇಕು. ಚನ್ನಗಿರಿಯಲ್ಲಿ ಮಾತ್ರ, ಅದರ ಕೆಳಗೆ, ಶಾಂತವ್ವನ ನೆನಪಿಗೆ ಶಾಂತಿಸಾಗರವೂ ಇರಲಿ.